ವಿನಾಯಿತಿಯ ಹೆಸರಿನಲ್ಲಿ ಮುಚ್ಚಿದ ಬಾಗಿಲು

ಮದೀನಾದಲ್ಲಿ ರಮಝಾನ್ ತಿಂಗಳ ಸಹ್ರಿ ಮುಗಿಯುತ್ತಿದ್ದುದು ಓರ್ವ ಅಂಧ ವ್ಯಕ್ತಿಯ ಧ್ವನಿಯೊಂದಿಗೆ. ಬಿಲಾಲ್(ರ) ಇನ್ನೂ ಇರುಳಿರುವಾಗಲೇ ಅಝಾನ್ ಕೊಡುತ್ತಾರೆ, ಆದುದರಿಂದ ಇಬ್ನು ಉಮ್ಮಿ ಮಕ್ತೂಮ್(ರ) ಅಝಾನ್ ಕೊಡುವ ತನಕ ಉಣ್ಣಬಹುದು, ಕುಡಿಯಬಹುದು ಎಂದು ಪ್ರವಾದಿ(ಸ) ತಮ್ಮ ಅನುಯಾಯಿಗಳಿಗೆ ತಿಳಿಸಿದ್ದರು. ಸಹೀಹ್ ಬುಖಾರಿಯಲ್ಲಿರುವ ಈ ವರದಿಯ ಕೊನೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟಿ ಹೋಗುವ ಸಣ್ಣದೊಂದು ವಿವರವಿದೆ. ಪ್ರಭಾತವಾಯಿತೆಂದು ಜನರು ತಿಳಿಸಿದ ಬಳಿಕವೇ ಅವರು ಅಝಾನ್ ಕೊಡಲು ಮುಂದಾಗುತ್ತಿದ್ದರು.

ಬೆಳಕು ಹರಿಯುವುದನ್ನು ಕಣ್ಣಾರೆ ಕಂಡು ಮಾಡಬೇಕಾದ ಕೆಲಸವನ್ನು ಕಣ್ಣು ಕಾಣದವರಿಗೆ ವಹಿಸಲಾಗಿತ್ತು. ಇದನ್ನು ಅನುಕಂಪವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಇಡೀ ಊರಿನ ಉಪವಾಸವೇ ಅವರ ಕೈಯಲ್ಲಿತ್ತು. ಅವರಿಗೆ ತಿಳಿಯಲಾಗದ ಒಂದು ಸಂಗತಿಯನ್ನು ಊರವರು ಹೇಳುತ್ತಿದ್ದರು, ಉಳಿದುದನ್ನು ಅವರೇ ನಿರ್ವಹಿಸುತ್ತಿದ್ದರು. ಪ್ರವಾದಿ(ಸ) ಮದೀನಾದಿಂದ ಹೊರ ಹೋದಾಗ ಹಲವು ಬಾರಿ ಆ ನಗರದ ಹೊಣೆಯನ್ನೂ ಅವರಿಗೆ ಒಪ್ಪಿಸಿದ್ದುಂಟು.

ಈ ಚರಿತ್ರೆಯನ್ನು ನಾವು ಮದ್ರಸದಲ್ಲಿ ಕಲಿಸುತ್ತೇವೆ, ಜುಮಾ ಪ್ರವಚನಗಳಲ್ಲಿ ಕೇಳುತ್ತೇವೆ. ಅದೇ ಮದ್ರಸಕ್ಕೆ ಆಟಿಸಂ ಇರುವ ಮಗುವೊಂದನ್ನು ಕರೆತಂದಾಗ ಏನಾಗುತ್ತದೆ? ಒಂದು ವಾರ ಕಳೆಯುವುದರೊಳಗೆ ಮಗುವಿನ ತಂದೆಯನ್ನು ಕರೆಸಲಾಗುತ್ತದೆ. ಮಾತು ಬಹಳ ಮೃದುವಾಗಿಯೇ ಇರುತ್ತದೆ. ಇಂತಹ ಮಕ್ಕಳ ಮೇಲೆ ನಮಾಝ್ ಕಡ್ಡಾಯವಿಲ್ಲ, ಕುರ್‌ಆನ್ ಓದಲೇಬೇಕೆಂದಿಲ್ಲ, ಅಲ್ಲಾಹನು ಅವರ ಲೆಕ್ಕ ಕೇಳುವುದಿಲ್ಲ, ಅವರು ಸ್ವರ್ಗದ ಮಕ್ಕಳು, ಸುಮ್ಮನೆ ಯಾಕೆ ಕಷ್ಟ ಕೊಡುತ್ತೀರಿ, ಮನೆಯಲ್ಲೇ ಇರಲಿ ಬಿಡಿ. ತಂದೆ ತಲೆಯಾಡಿಸಿ ಮಗುವಿನ ಕೈ ಹಿಡಿದು ಹಿಂದಿರುಗುತ್ತಾರೆ. ಕೇಳಿದವರಿಗೆ ಅದು ಕರುಣೆಯ ಮಾತಾಗಿಯೇ ಕಾಣುತ್ತದೆ.

ನನ್ನ ತಕರಾರು ಇರುವುದು ಈ ಮಾತಿನ ಮೇಲೆಯೇ. ಮೂವರ ಮೇಲಿನಿಂದ ಲೇಖನಿಯನ್ನು ಎತ್ತಲಾಗಿದೆ ಎಂಬ ಹದೀಸ್ ನಮಗೆಲ್ಲ ಗೊತ್ತಿದೆ. ನಿದ್ರಿಸುವವನು ಎಚ್ಚರಗೊಳ್ಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಭ್ರಮಣೆಗೊಂಡವನು ಸ್ವಸ್ಥನಾಗುವ ತನಕ. ಆ ಹದೀಸ್ ಅವರ ಪಾಪದ ಬಗ್ಗೆ ಮಾತಾಡುತ್ತದೆ, ಅವರ ಹಕ್ಕಿನ ಬಗ್ಗೆ ಅಲ್ಲ. ಮೂವರಲ್ಲಿ ಎಲ್ಲ ಮಕ್ಕಳೂ ಸೇರಿದ್ದಾರೆ ಎಂಬುದನ್ನು ಗಮನಿಸಿರಿ. ಏಳು ವರ್ಷದ ಯಾವ ಮಗುವಿನ ಮೇಲೂ ನಮಾಝ್ ಕಡ್ಡಾಯವಿಲ್ಲ. ಹಾಗೆಂದು ನಾವು ಆ ಮಗುವನ್ನು ಮದ್ರಸಕ್ಕೆ ಕಳುಹಿಸದೆ ಬಿಡುತ್ತೇವೆಯೇ? ಲೇಖನಿ ಎತ್ತಲ್ಪಟ್ಟಿರುವ ವಯಸ್ಸಿನಲ್ಲಿಯೇ ತಾನೇ ನಾವು ಅಲಿಫ್, ಬಾ ಕಲಿಸುವುದು! ಒಂದು ಮಗುವಿಗೆ ಕಲಿಸಲು ಕಾರಣವಾದ ವಿನಾಯಿತಿಯು ಇನ್ನೊಂದು ಮಗುವನ್ನು ಹೊರಗಿಡಲು ಕಾರಣವಾಗುವುದಾದರೂ ಹೇಗೆ?

ಇಬ್ನು ಉಮ್ಮಿ ಮಕ್ತೂಮ್(ರ)ರ ಬದುಕಿನಲ್ಲೇ ಇದಕ್ಕೆ ಉತ್ತರವಿದೆ. ಹೋರಾಟಕ್ಕೆ ಹೊರಡುವವರೂ ಮನೆಯಲ್ಲಿ ಕುಳಿತವರೂ ಸಮಾನರಲ್ಲ ಎಂಬ ವಚನ ಅವತೀರ್ಣವಾದಾಗ ಅವರು ಬಂದು ತನ್ನ ಅಸಹಾಯಕತೆಯನ್ನು ತೋಡಿಕೊಂಡರು. ಆಗ ಅಡಚಣೆ ಇರುವವರನ್ನು ಹೊರತುಪಡಿಸಿ ಎಂಬ ಪದಗಳು ಅದೇ ವಚನಕ್ಕೆ ಸೇರಿಕೊಂಡವು. ಅನ್ನಿಸಾ ಅಧ್ಯಾಯದ 95ನೇ ವಚನದಲ್ಲಿ ನಾವು ಇಂದಿಗೂ ಅದನ್ನು ಓದುತ್ತೇವೆ. ಹೀಗೆ ವಿನಾಯಿತಿ ಸಿಕ್ಕಿದ ವ್ಯಕ್ತಿಯೇ ಮುಂದೆ ಉಮರ್(ರ)ರ ಕಾಲದಲ್ಲಿ ಖಾದಿಸಿಯ್ಯಾದ ರಣರಂಗದಲ್ಲಿ ಧ್ವಜ ಹಿಡಿದು ನಿಂತಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ನಿಮಗೆ ವಿನಾಯಿತಿ ಇದೆಯಲ್ಲ, ಮನೆಯಲ್ಲೇ ಇರಿ ಎಂದು ಅವರನ್ನು ಯಾರೂ ತಡೆಯಲಿಲ್ಲ. ವಿನಾಯಿತಿಯನ್ನು ಬಳಸುವುದೋ ಬಿಡುವುದೋ ಎಂಬುದು ಅದನ್ನು ಪಡೆದವರ ತೀರ್ಮಾನ. ಅದನ್ನು ಪಕ್ಕದಲ್ಲಿ ನಿಂತವರು ಬಳಸತೊಡಗಿದರೆ ಅದರ ಹೆಸರು ಬಹಿಷ್ಕಾರ.

ಇಷ್ಟಕ್ಕೂ ಆಟಿಸಂ ಎಂದರೇನು ಎಂಬ ಬಗ್ಗೆ ನಮ್ಮಲ್ಲಿ ಸಾಕಷ್ಟು ಗೊಂದಲವಿದೆ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. ಕನ್ನಡ ಓದಿದವನಾಗಿ ನನಗೆ ಈ ಪದದ ಮೇಲೆ ಪೂರ್ಣ ಒಪ್ಪಿಗೆಯಿಲ್ಲ. ಈ ಮಕ್ಕಳಲ್ಲಿ ಅನೇಕರ ಕಷ್ಟವು ಹೊರಜಗತ್ತು ಕೇಳಿಸದಿರುವುದಲ್ಲ, ಅತಿಯಾಗಿ ಕೇಳಿಸುವುದು. ನಾವು ಗಮನಿಸದ ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಮಿನುಗು, ಅಂಗಿಯ ಕಾಲರಿನ ಹಿಂದೆ ಹೊಲಿದ ಚೀಟಿಯ ಸ್ಪರ್ಶ ಅವರನ್ನು ಹಿಂಸಿಸಬಲ್ಲವು. ಆಗ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ, ಕೂಗುತ್ತಾರೆ, ಕೈ ಬಡಿಯುತ್ತಾರೆ, ಓಡುತ್ತಾರೆ. ನಾವು ಅದನ್ನು ಹಠವೆನ್ನುತ್ತೇವೆ. ಸರಕಾರಿ ಪದವಾದ ವಿಕಲಚೇತನವಂತೂ ಇನ್ನೂ ವಿಚಿತ್ರ. ಅಂಗವಿಕಲ ಎಂಬ ಹಳೆಯ ಪದ ಕೊರತೆಯನ್ನು ಅಂಗಕ್ಕಷ್ಟೇ ಸೀಮಿತಗೊಳಿಸಿತ್ತು. ಹೊಸ ಪದ ಗೌರವ ಕೊಡಲು ಹೊರಟು ಚೇತನವನ್ನೇ ವಿಕಲವಾಗಿಸಿತು.

ಹೆಸರು ಕರೆದರೆ ತಿರುಗಿ ನೋಡದಿರುವುದು, ಕಣ್ಣಿಗೆ ಕಣ್ಣು ಸೇರಿಸದಿರುವುದು, ಬೇಕಾದ ವಸ್ತುವಿನ ಕಡೆಗೆ ಬೆರಳು ತೋರಿಸದಿರುವುದು, ಮಾತು ತಡವಾಗುವುದು ಅಥವಾ ಬಂದ ಮಾತು ನಿಂತು ಹೋಗುವುದು, ಒಂದೇ ಆಟವನ್ನು ಒಂದೇ ರೀತಿಯಲ್ಲಿ ಗಂಟೆಗಟ್ಟಲೆ ಆಡುವುದು, ದಿನಚರಿ ಸ್ವಲ್ಪ ಬದಲಾದರೂ ಕಂಗೆಡುವುದು. ಇವೆಲ್ಲ ಎರಡು ಮೂರು ವರ್ಷದೊಳಗೆ ಕಾಣಿಸಿಕೊಳ್ಳುವ ಲಕ್ಷಣಗಳು. ಎಲ್ಲ ಮಕ್ಕಳಲ್ಲೂ ಎಲ್ಲವೂ ಇರುವುದಿಲ್ಲ. ಕೆಲವರು ಪದವಿ ಪಡೆದು ಉದ್ಯೋಗ ಮಾಡುತ್ತಾರೆ, ಕೆಲವರಿಗೆ ಜೀವನಪೂರ್ತಿ ಒಬ್ಬರ ಆಸರೆ ಬೇಕಾಗುತ್ತದೆ.

ಈ ಲಕ್ಷಣಗಳು ಕಂಡ ಕೂಡಲೇ ನಮ್ಮ ಅನೇಕ ಮನೆಗಳಲ್ಲಿ ಮೊದಲು ಬರುವ ಮಾತು ಕಣ್ಣು ಬಿದ್ದಿದೆ ಎಂಬುದು. ಆಮೇಲೆ ಜಿನ್ನ್. ಆಮೇಲೆ ತಾಯಿ. ಗರ್ಭಿಣಿಯಾಗಿದ್ದಾಗ ಸಂಜೆ ಹೊತ್ತು ಹೊರಗೆ ಹೋಗಿದ್ದಳು, ಮಗುವಿಗೆ ಮೊಬೈಲ್ ಕೊಟ್ಟಳು, ಮಗುವಿನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ತಾಯಿಯನ್ನು ದೂರುವ ಈ ರೋಗ ನಮ್ಮ ಅಜ್ಜಿಯರಿಗೆ ಮಾತ್ರ ಸೀಮಿತವಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಈ ಸ್ಥಿತಿಯನ್ನು ವಿವರಿಸಿ ಬರೆದ ನಂತರದ ಎರಡು ದಶಕ ಅಲ್ಲಿನ ದೊಡ್ಡ ವಿದ್ವಾಂಸರೂ ತಾಯಂದಿರ ತಣ್ಣಗಿನ ವರ್ತನೆಯೇ ಇದಕ್ಕೆ ಕಾರಣವೆಂದು ಹೇಳಿಕೊಂಡು ಬಂದರು. 1964ರಲ್ಲಿ ಬರ್ನಾರ್ಡ್ ರಿಮ್ಲಾಂಡ್ ಎಂಬ ಮನಃಶಾಸ್ತ್ರಜ್ಞರು ಅದನ್ನು ಪ್ರಶ್ನಿಸಿ ಪುಸ್ತಕ ಬರೆದರು. ಅವರ ಮಗನಿಗೂ ಆಟಿಸಂ ಇತ್ತು. ಮಿದುಳಿನ ಬೆಳವಣಿಗೆಯಲ್ಲಿರುವ ವ್ಯತ್ಯಾಸ ಇದು, ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಇಂದು ಸ್ಪಷ್ಟವಾಗಿದೆ. ಇನ್ನು ಲಸಿಕೆಯಿಂದ ಬರುತ್ತದೆಂಬ ವದಂತಿ ವಾಟ್ಸಪ್ಪಿನಲ್ಲಿ ಇನ್ನೂ ಓಡಾಡುತ್ತಿದೆ. ಅದರ ಮೂಲ 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಕೇವಲ 12 ಮಕ್ಕಳ ಕುರಿತಾದ ಒಂದು ಲೇಖನ. 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು.

ಕಣ್ಣೇಸು ಎಂಬುದು ಹದೀಸ್‌ನಲ್ಲಿದೆ, ದುಆ ಸುನ್ನತ್ತಿನಲ್ಲಿದೆ, ಅದರಲ್ಲಿ ಯಾರಿಗೂ ಸಂಶಯ ಬೇಡ. ಮಗುವಿನ ತಲೆ ಮೇಲೆ ಕೈಯಿಟ್ಟು ಮುಅವ್ವಿದತೈನ್ ಓದುವ ತಾಯಿಯನ್ನು ತಡೆಯಲು ಯಾರಿಗೂ ಅಧಿಕಾರವಿಲ್ಲ. ಆದರೆ ಒಂಟೆಯನ್ನು ಕಟ್ಟಿ ಆ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿ(ಸ) ಕಲಿಸಿದ್ದಾರೆ. ಜಿನ್ನ್ ಬಿಡಿಸುವ ಹೆಸರಿನಲ್ಲಿ ಮಾತು ಬಾರದ ಮಗುವನ್ನು ಹೊಗೆಯ ಮುಂದೆ ಕೂರಿಸುವವರಿಗೆ, ಹೊಡೆಯುವವರಿಗೆ, ಅದಕ್ಕೆ ಸಾವಿರಾರು ರೂಪಾಯಿ ಎಣಿಸಿಕೊಳ್ಳುವವರಿಗೆ ಯಾವ ಸುನ್ನತ್ತಿನ ಆಧಾರವಿದೆ? ಇಲ್ಲಿ ಹಣಕ್ಕಿಂತ ದೊಡ್ಡ ನಷ್ಟ ಸಮಯದ್ದು. ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿ ಹೆಚ್ಚು ಫಲ ಕೊಡುವುದು ಮೊದಲ ಐದಾರು ವರ್ಷಗಳಲ್ಲಿ. ತಾಯತದಿಂದ ತಾಯತಕ್ಕೆ ಅಲೆಯುವಷ್ಟರಲ್ಲಿ ಆ ವರ್ಷಗಳು ಮುಗಿದಿರುತ್ತವೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಮಟ್ಟದಲ್ಲಿ ಮಕ್ಕಳ ಬೆಳವಣಿಗೆಯನ್ನು ತಪಾಸಣೆ ಮಾಡುವ ಸರಕಾರಿ ವ್ಯವಸ್ಥೆಯಿದೆ. ಖತೀಬರು ಜುಮಾದ ನಂತರ ಒಂದು ಸಾಲಿನಲ್ಲಿ ಇದನ್ನು ಹೇಳಿದರೆ ಎಷ್ಟೋ ಮನೆಗಳಿಗೆ ದಾರಿ ಸಿಗಬಹುದು.

ಮಗುವನ್ನು ಅಡಗಿಸಿಡುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಮದುವೆಯ ವಯಸ್ಸಿನ ಅಕ್ಕ ಇರುತ್ತಾಳೆ. ಹುಡುಗನ ಕಡೆಯವರು ನೋಡಲು ಬರುವ ದಿನ ತಮ್ಮನನ್ನು ಚಿಕ್ಕಮ್ಮನ ಮನೆಗೆ ಕಳುಹಿಸಲಾಗುತ್ತದೆ. ಆ ಹೆತ್ತವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಅವರನ್ನು ಆ ಸ್ಥಿತಿಗೆ ತಂದದ್ದು ಒಬ್ಬ ತಮ್ಮನ ಕಾರಣಕ್ಕೆ ಅಕ್ಕನ ಸಂಬಂಧವನ್ನು ನಿರಾಕರಿಸುವ ನಾವು. ನಿಕಾಹ್‌ನಲ್ಲಿ ಧರ್ಮನಿಷ್ಠೆಯನ್ನು ನೋಡಬೇಕೆಂದು ಪ್ರವಚನ ಮಾಡುವವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅನ್ನೂರ್ ಅಧ್ಯಾಯದ 61ನೇ ವಚನ ಅಂಧರು, ಕುಂಟರು, ರೋಗಿಗಳು ಮತ್ತು ನೀವು ಜೊತೆಯಾಗಿ ಉಣ್ಣುವುದರಲ್ಲಿ ಯಾವ ತಪ್ಪೂ ಇಲ್ಲವೆಂದು ಸಾರುತ್ತದೆ. ಅಂದಿನ ಸಮಾಜದಲ್ಲಿ ಅವರೊಂದಿಗೆ ಒಂದೇ ತಟ್ಟೆಯಲ್ಲಿ ಉಣ್ಣಲು ಅಂಜುವವರಿದ್ದರು, ಅಂಜಿ ದೂರ ಉಳಿಯುವ ಅಶಕ್ತರೂ ಇದ್ದರು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಊಟದ ತಟ್ಟೆಯ ತನಕ ಬಂದು ಕುರ್‌ಆನ್ ಈ ಅಂತರವನ್ನು ಅಳಿಸಿದೆ. ಮದುವೆ ಹಾಲ್‌ಗೆ ಮಗುವನ್ನು ಕರೆತರಲು ಅಂಜುವ ಎಷ್ಟು ತಾಯಂದಿರು ನಮ್ಮ ನಡುವೆ ಇದ್ದಾರೆ ಎಂದು ಯೋಚಿಸಿರಿ.

ಇನ್ನು ಮಸೀದಿಯ ವಿಚಾರ. ಸಫ್ಫ್‌ನಲ್ಲಿ ಮಗು ವಿಚಿತ್ರವಾದ ಸದ್ದು ಮಾಡಿದರೆ ಸಲಾಮ್ ಹೇಳಿದ ಕೂಡಲೇ ಹತ್ತು ತಲೆಗಳು ತಿರುಗುತ್ತವೆ, ಹಿರಿಯರೊಬ್ಬರು ಗದರುತ್ತಾರೆ. ಮಕ್ಕಳನ್ನೂ ಬುದ್ಧಿ ಸ್ತಿಮಿತವಿಲ್ಲದವರನ್ನೂ ಮಸೀದಿಯಿಂದ ದೂರವಿಡಬೇಕೆಂಬ ಒಂದು ವರದಿಯನ್ನು ಕೆಲವರು ಉಲ್ಲೇಖಿಸುತ್ತಾರೆ. ಇಬ್ನು ಮಾಜಃದಲ್ಲಿರುವ ಆ ವರದಿಯ ಪರಂಪರೆಯನ್ನು ಹದೀಸ್ ವಿದ್ವಾಂಸರು ದುರ್ಬಲವೆಂದಿದ್ದಾರೆ. ಪ್ರಬಲವಾದುದು ಬೇರೆಯೇ ಇದೆ. ನಮಾಝ್‌ನಲ್ಲಿ ಮಗುವಿನ ಅಳು ಕೇಳಿಸಿದರೆ ಪ್ರವಾದಿ(ಸ) ತಾಯಿಯ ತಳಮಳವನ್ನು ನೆನೆದು ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರು. ತಾಯಿ ಹೊರಹೋಗಲಿಲ್ಲ, ಮಗುವನ್ನು ಯಾರೂ ಗದರಲಿಲ್ಲ, ಬದಲಾದವರು ಇಮಾಮ್. ಮಸೀದಿಯ ಒಳಗೆ ಮೂತ್ರ ಮಾಡಿದ ಗ್ರಾಮೀಣ ಅರಬನನ್ನು ಸಹಾಬಿಗಳು ತಡೆಯಲು ಧಾವಿಸಿದಾಗ ಅವನನ್ನು ಬಿಟ್ಟುಬಿಡಲು ಹೇಳಿ, ಅನಂತರ ಒಂದು ಬಕೆಟ್ ನೀರಿನಲ್ಲಿ ಅದನ್ನು ಮುಗಿಸಿದವರು ಅವರು. ಮಾನಸಿಕವಾಗಿ ಅಸ್ವಸ್ಥಳಾಗಿದ್ದ ಓರ್ವ ಮಹಿಳೆ ತನಗೊಂದು ಅಗತ್ಯವಿದೆಯೆಂದಾಗ, ಯಾವ ಬೀದಿ ಬೇಕೆಂದು ಅವಳನ್ನೇ ಕೇಳಿ, ಅಲ್ಲಿ ನಿಂತು ಅವಳ ಮಾತು ಮುಗಿಯುವ ತನಕ ಆಲಿಸಿದವರೂ ಅವರೇ. ನಮ್ಮ ಮಸೀದಿಗಳ ಮೌನ ಆ ಮಸೀದಿಯ ಮೌನಕ್ಕಿಂತ ಹೆಚ್ಚು ಪವಿತ್ರವಾದುದೆಂದು ನಾನು ನಂಬಲಾರೆ.

ಒಬ್ಬ ಉಸ್ತಾದ್, ಐವತ್ತು ಮಕ್ಕಳು, ಒಂದೂವರೆ ಗಂಟೆ, ಕೈಗೆ ಸಿಗುವ ಸಂಬಳ ಅಷ್ಟಕ್ಕಷ್ಟೇ. ಇದರ ನಡುವೆ ಇಂತಹ ಮಗುವನ್ನು ಹೇಗೆ ನೋಡಿಕೊಳ್ಳುವುದು ಎಂಬ ಪ್ರಶ್ನೆಯಲ್ಲಿ ಹುರುಳಿದೆ. ನಾನೂ ಅದೇ ಚಾಪೆಯಲ್ಲಿ ಕುಳಿತು ಕಲಿತು, ಅದೇ ಕೋಣೆಯಲ್ಲಿ ಕಲಿಸುತ್ತಿರುವವನು. ಐವತ್ತು ಮಕ್ಕಳು ಏಕಕಾಲಕ್ಕೆ ಗಟ್ಟಿಯಾಗಿ ಓದುವ ಕೋಣೆ ಆಟಿಸಂ ಇರುವ ಮಗುವಿಗೆ ಅಸಹನೀಯವೇ. ಆದರೆ ಎಲ್ಲವೂ ದುಬಾರಿಯಲ್ಲ. ಗದ್ದಲ ಕಡಿಮೆಯಿರುವ ಮೂಲೆಯೊಂದು, ಆ ಮಗುವಿಗೆ ದಿನವೂ ಅದೇ ಜಾಗ, ಬಳಿಯಲ್ಲಿ ತಾಳ್ಮೆಯಿರುವ ಒಬ್ಬ ಹಿರಿಯ ವಿದ್ಯಾರ್ಥಿ, ಎಲ್ಲರಿಗಿಂತ ಹತ್ತು ನಿಮಿಷ ಮೊದಲು ಬಿಡುವು. ವುಳೂವಿನ ಕ್ರಮವನ್ನು ಚಿತ್ರಗಳಾಗಿ ನಳ್ಳಿಯ ಮೇಲಿನ ಗೋಡೆಗೆ ಅಂಟಿಸಿದರೆ ಅದರಿಂದ ಉಳಿದ ಮಕ್ಕಳಿಗೂ ಪ್ರಯೋಜನವೇ. ತಲೆಗೆ ಟೊಪ್ಪಿ ಇಡಲು ಒಪ್ಪದ ಮಗುವಿನೊಂದಿಗೆ ಯುದ್ಧ ಮಾಡಬೇಕಾದ ಅಗತ್ಯವಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಿಗದಿತ ಸಮಯ, ನಿಗದಿತ ದಿಕ್ಕು, ಕೈ ಎತ್ತುವುದರಿಂದ ಹಿಡಿದು ಸಲಾಮ್‌ನ ತನಕ ಎಂದೂ ಬದಲಾಗದ ಕ್ರಮ. ಮುಂದೇನು ಎಂಬುದು ಮೊದಲೇ ಗೊತ್ತಿದ್ದರೆ ಮಾತ್ರ ನೆಮ್ಮದಿಯಾಗಿರುವ ಮಗುವಿಗೆ ನಮಾಝ್‌ಗಿಂತ ಹತ್ತಿರವಾದ ಆರಾಧನೆ ಯಾವುದಿದೆ? ಅದನ್ನು ಅದಕ್ಕೆ ಕಡ್ಡಾಯವಿಲ್ಲವೆಂದು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಎಲ್ಲ ಮಕ್ಕಳೂ ಸಾಮಾನ್ಯ ತರಗತಿಯಲ್ಲೇ ಕಲಿಯಬಲ್ಲರೆಂದು ನಾನು ವಾದಿಸುವುದಿಲ್ಲ. ಕೆಲವರಿಗೆ ವಿಶೇಷ ಶಾಲೆಯೇ ಬೇಕು. ಆದರೆ ಆ ತೀರ್ಮಾನ ಮಗುವನ್ನು ನೋಡಿ ಆಗಬೇಕು, ಶಾಲೆಯ ಅನುಕೂಲವನ್ನು ನೋಡಿ ಆಗಬಾರದು. 1995ರ ಕಾನೂನು ಏಳು ನ್ಯೂನತೆಗಳನ್ನು ಮಾತ್ರ ಹೆಸರಿಸಿತ್ತು, ಅದರಲ್ಲಿ ಆಟಿಸಂ ಇರಲಿಲ್ಲ. 2016ರ ಕಾನೂನು ಅವುಗಳನ್ನು 21ಕ್ಕೇರಿಸಿ ಆಟಿಸಂ ಅನ್ನೂ ಸೇರಿಸಿತು. ನ್ಯೂನತೆಯ ಪ್ರಮಾಣ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ಮನೆಯಲ್ಲಿರುವುದನ್ನು ಶಿಕ್ಷಣವೆನ್ನಲಾಗದು. ನಮ್ಮ ಸಮುದಾಯದ ಆಡಳಿತದಲ್ಲಿರುವ ಶಾಲೆಗಳು ಈ ವಿಚಾರದಲ್ಲಿ ಇತರರಿಗಿಂತ ಮುಂದಿರಬೇಕಿತ್ತು. ಎತ್ತರದ ಮಿನಾರಕ್ಕೆ ಚಂದಾ ಎತ್ತಬಲ್ಲ ಜಮಾಅತ್‌ಗಳಿಗೆ ನಾಲ್ಕೈದು ಊರು ಸೇರಿ ತರಬೇತಿ ಪಡೆದ ಒಬ್ಬ ವಿಶೇಷ ಶಿಕ್ಷಕಿಗೆ ಸಂಬಳ ಕೊಡುವುದು ಅಸಾಧ್ಯವೇನಲ್ಲ. ಹಿಜರಿ ಮೊದಲ ಶತಮಾನದಲ್ಲೇ ಉಮವೀ ಖಲೀಫ ವಲೀದ್, ಅಂಧರಿಗೆ ಕೈ ಹಿಡಿದು ನಡೆಸುವವರನ್ನೂ ನಡೆಯಲಾಗದವರಿಗೆ ಸೇವಕರನ್ನೂ ಸರಕಾರಿ ಖರ್ಚಿನಲ್ಲಿ ನೇಮಿಸಿದ್ದನೆಂದು ಚರಿತ್ರೆ ಹೇಳುತ್ತದೆ.

ಈ ಮಕ್ಕಳ ಹೆತ್ತವರಲ್ಲಿ ಯಾರೊಂದಿಗೆ ಮಾತಾಡಿದರೂ ಕೊನೆಗೆ ಬರುವ ಪ್ರಶ್ನೆ ಒಂದೇ. ನಮ್ಮ ನಂತರ ಇವನಿಗೆ ಯಾರು? 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಯು 18 ದಾಟಿದ ಇಂತಹವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ತನಕ ಚಿಕಿತ್ಸೆ, ತರಬೇತಿಗಳ ವೆಚ್ಚ ಸಿಗುತ್ತದೆ. ಇವೆರಡೂ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅರ್ಜಿ ತುಂಬಿಸಿ ಕೊಡುವ ಯುವಕರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಯಾವ ಮನೆಯಲ್ಲಿ ಇಂತಹ ಮಗು ಇದೆ ಎಂಬುದೇ ಜಮಾಅತ್‌ಗೆ ಗೊತ್ತಿರುವುದಿಲ್ಲ. ನಮ್ಮ ಸದಸ್ಯತ್ವದ ಪುಸ್ತಕದಲ್ಲಿ ಮನೆಯ ಯಜಮಾನನ ಹೆಸರಿದೆ, ಉದ್ಯೋಗವಿದೆ, ಬಾಕಿ ಚಂದಾದ ಲೆಕ್ಕವಿದೆ. ಮುಂದಿನ ಶಅಬಾನ್‌ನಲ್ಲಿ ಆ ಪುಸ್ತಕವನ್ನು ಹೊಸದಾಗಿ ಬರೆಯುವಾಗ ಇನ್ನೊಂದು ಕಾಲಂ ಗೆರೆ ಎಳೆದು, ಆ ಮನೆಯ ತಾಯಿಯ ಬಳಿ ನಿಮ್ಮ ಮಗುವಿಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳಲಿ.