ಹೊಳೆಯಲ್ಲಿದ್ದೂ ಕಾದ ಇಂಜಿನ್ನು

ನಮ್ಮ ಹಡಗಲಿಯ ಹೆಸರಿನಲ್ಲೇ ಹಡಗಿದೆ. ಇಲ್ಲಿಂದ ವಿಜಯನಗರಕ್ಕೆ ಹೂವು ಹಡಗಿನಲ್ಲಿ ಹೋಗುತ್ತಿತ್ತೆಂದು ಊರವರು ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಹೊಳೆಯಲ್ಲಿ ಮೋಟಾರು ದೋಣಿಯೊಂದರ ಪರೀಕ್ಷೆ ನಡೆದಾಗ ನಾನೂ ದಂಡೆಯ ಮೇಲಿದ್ದೆ. ನೆರೆ ಬಂದರೆ ಜನರನ್ನು ದಾಟಿಸಲೆಂದು ತರಿಸಿದ ದೋಣಿ ಅದು. ಕಾಯಿ ಒಡೆದರು, ಹಾರ ಹಾಕಿದರು, ಫೋಟೊ ತೆಗೆಸಿಕೊಂಡರು. ನಡುಹೊಳೆಯಲ್ಲಿ ಅತಿಥಿಗಳು "ಇನ್ನೂ ಜೋರು, ಇನ್ನೂ ಜೋರು" ಎಂದರು. ಹತ್ತು ನಿಮಿಷವಾಗಿರಲಿಲ್ಲ, ಇಂಜಿನ್ನು ಕಾದು ಹೊಗೆಯಾಡಿ ನಿಂತೇಬಿಟ್ಟಿತು. ಕೊನೆಗೆ ಹರಿಗೋಲಿನವರು ಹೋಗಿ ಎಳೆದು ತಂದರು.

"ನೀರಾಗ ಇರೋ ಇಂಜಿನ್ನು ಹೆಂಗ ಕಾಯ್ತೈತಲೇ? ನೀನ ಕೆಡಿಸಿದ್ದು!" ಎಂದು ಸಾಹೇಬರು ಚಾಲಕನ ಮೇಲೆ ಎಗರಿದರು.

"ಹಿಂದ ನೀರು ಚಿಮ್ಮೋದು ನಿಂತಿತ್ರಿ ಸಾಹೇಬ್ರ. ಬಂದ್ ಮಾಡ್ತೀನಿ ಅಂದೆ, ನೀವು ಕೇಳ್ಲಿಲ್ರಿ" ಎಂದ ಹುಡುಗನ ಮಾತು ಯಾರಿಗೂ ಬೇಕಿರಲಿಲ್ಲ. ರಿಪೇರಿಯ ಖರ್ಚನ್ನು ಅವನ ಸಂಬಳದಲ್ಲಿ ಹಿಡಿದರು.

ಇದು ಅನ್ಯಾಯ ಮಾತ್ರವಲ್ಲ, ಅಜ್ಞಾನ. ನೀರಿನ ಮೇಲೆ ಕೂತ ಮಾತ್ರಕ್ಕೆ ಇಂಜಿನ್ನು ತಂಪಾಗುವುದಿಲ್ಲ; ನೀರು ಅದರೊಳಗೆ ಸುತ್ತಬೇಕು. ಕೂಡ್ಲಿಗಿ, ಕೊಟ್ಟೂರು ಕಡೆ ಡೀಸೆಲ್ ಪಂಪ್‌ಸೆಟ್ ನಡೆಸಿದ ಯಾವ ರೈತನನ್ನಾದರೂ ಕೇಳಿ. ಬಾವಿ ತುಂಬಿದ್ದರೂ ಇಂಜಿನ್ನಿನ ಪೈಪಿಗೆ ಕಸ ಕಟ್ಟಿದರೆ ಸುಡುವುದೇ ಎಂದಾನು. ದೋಣಿಯ ಹಿಂದೆ ತೂಗುವ ಮೋಟಾರು ಸಣ್ಣ ಕಿಂಡಿಗಳಿಂದ ನೀರೆಳೆಯುತ್ತದೆ. ಅದನ್ನು ಮೇಲೇರಿಸುವುದು ರಬ್ಬರ್ ರೆಕ್ಕೆಯ ಪಂಪು. ಜೊಂಡು ಕಿಂಡಿ ಮುಚ್ಚುತ್ತದೆ, ಹೊಳೆಯ ಮರಳು ರಬ್ಬರನ್ನು ಸವೆಸುತ್ತದೆ. ದೋಣಿ ವೇಗಕ್ಕೆ ಕುಪ್ಪಳಿಸಿದರೆ ಕಿಂಡಿಗೆ ನೀರಿನ ಬದಲು ಗಾಳಿ ನುಗ್ಗುತ್ತದೆ. ಹಿಂದೆ ಚಿಮ್ಮುವ ನೀರಿನ ಎಳೆ ನಿಂತಿತೆಂದರೆ ಅದೇ ಎಚ್ಚರಿಕೆ. ಆ ಹುಡುಗ ಅದನ್ನು ಕಂಡಿದ್ದ.

ಇಂಗ್ಲೆಂಡಿನ ಮಾಲ್ಕಂ ಕ್ಯಾಂಪ್‌ಬೆಲ್ 1937ರಲ್ಲಿ ರೋಲ್ಸ್ ರಾಯ್ಸ್ ಇಂಜಿನ್ನಿನ 'ಬ್ಲೂ ಬರ್ಡ್' ರೇಸ್ ದೋಣಿಯನ್ನು ನೀರಿಗಿಳಿಸಿದಾಗ ಅದಕ್ಕೂ ತಂಪಿನ ನೀರಿನದೇ ಕಾಟ. ಅದನ್ನು ನೀಗಿಕೊಂಡೇ ಆ ಸೆಪ್ಟೆಂಬರ್ 1ರಂದು ಮಜೋರೆ ಸರೋವರದಲ್ಲಿ ಗಂಟೆಗೆ 126 ಮೈಲಿ ಮೀರಿ ದಾಖಲೆ ಮಾಡಿದ. ಅವನಿಗೆ ಪರೀಕ್ಷೆಯೆಂದರೆ ತಪ್ಪು ಹುಡುಕುವ ಕೆಲಸ. ನಮ್ಮಲ್ಲಿ ಪರೀಕ್ಷೆಯೆಂದರೆ ಉದ್ಘಾಟನೆ; ತಪ್ಪು ಕಂಡರೆ ಕಂಡವನೇ ಅಪರಾಧಿ.

"ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ?" ಎನ್ನುವವರಿದ್ದಾರೆ. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯನ್ನು ಅವರು ನೆನೆಯಲಿ. ನೆರೆಯ ನೀರು ತಿಳಿಯಾಗಿರುವುದಿಲ್ಲ. ಕೆಸರು, ಕಸ, ಮುಳ್ಳುಕಂಟಿ ಹೊತ್ತು ಬರುತ್ತದೆ. ಕ್ಯಾಂಪ್‌ಬೆಲ್ಲನ ಇಂಜಿನ್ನು ನಿಂತಿದ್ದರೆ ದಾಖಲೆ ತಪ್ಪುತ್ತಿತ್ತು, ಅಷ್ಟೇ. ನಮ್ಮ ಇಂಜಿನ್ನು ನಿಂತರೆ ಮಕ್ಕಳುಮರಿ ಕಟ್ಟಿಕೊಂಡು ಕೂತ ಸಂಸಾರವೇ ಹೊಳೆಯ ಪಾಲು.

ಹರಪನಹಳ್ಳಿ, ಹಡಗಲಿಯ ಹೊಳೆದಂಡೆಯವರು, ಹಗರಿಬೊಮ್ಮನಹಳ್ಳಿಯ ಹಿನ್ನೀರಿನವರು ಇಷ್ಟನ್ನು ಕೇಳಲೇಬೇಕು. ಪೂರ್ತಿ ಭಾರ ಹೇರಿ, ರಾಡಿ ನೀರಿನಲ್ಲಿ, ಒಂದು ತಾಸು ದೋಣಿ ಓಡಲಿ. ಪಂಪಿನ ರಬ್ಬರ್ ರೆಕ್ಕೆ ಒಂದು ಜೊತೆ ದೋಣಿಯಲ್ಲೇ ಇರಲಿ. ಚಾಲಕ "ಬಂದ್" ಎಂದರೆ ಅಲ್ಲಿಗೆ ಬಂದ್. ಹತ್ತಿದವರು ಯಾರೇ ಆಗಿರಲಿ. ಹಾರ, ಫೋಟೊ ಆಮೇಲೆ ನೋಡೋಣ. ಮೊದಲು ಆ ಹುಡುಗನ ಸಂಬಳ ವಾಪಸು ಕೊಡಿ.