ನಾಲ್ಕನೆಯ ಸೀಟು

ಈ ಸಂಚಿಕೆಗೆ ಬಂದ ಕವಿತೆಗಳನ್ನು ಓದುತ್ತಿದ್ದಾಗ ಒಂದು ಸಂಗತಿ ನನ್ನನ್ನು ಕಾಡಿತು. ಮುಂಬಯಿಯಲ್ಲಿ ಕುಳಿತು ಬರೆದ ಬಹುಪಾಲು ಕವಿತೆಗಳಲ್ಲಿ ಮುಂಬಯಿಯೇ ಇಲ್ಲ. ಇರುವುದು ಬಿಟ್ಟುಬಂದ ಊರಿನ ಹೊಳೆ, ತುಳಸಿಕಟ್ಟೆ, ಅಜ್ಜಿಯ ಕೈತುತ್ತು. ವರ್ಗಾವಣೆಯ ಆದೇಶಗಳ ಬೆನ್ನುಹತ್ತಿ ಊರೂರು ಅಲೆದ ನಾನೂ ಇದಕ್ಕೆ ಹೊರತಲ್ಲ.

ಯಶವಂತ ಚಿತ್ತಾಲರು ಹನೇಹಳ್ಳಿಯನ್ನು ಎಂದೂ ಮರೆಯಲಿಲ್ಲ, ನಿಜ. ಆದರೆ ರಾಸಾಯನಿಕ ಉದ್ಯಮದ ತಮ್ಮ ನೌಕರಿಯ ಜಗತ್ತನ್ನೂ ಅವರು ಸಾಹಿತ್ಯಕ್ಕೆ ಅಯೋಗ್ಯವೆಂದು ಬದಿಗಿಡಲಿಲ್ಲ. 1979ರ 'ಶಿಕಾರಿ'ಯ ಜೀವದ್ರವ್ಯವೇ ಅದು. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಈ ನಗರದ ಚಾಳು, ಚಿತ್ರಮಂದಿರಗಳು ಕನ್ನಡದಲ್ಲೇ ಉಸಿರಾಡುತ್ತವೆ.

ಮೂವರ ಆಸನದಲ್ಲಿ ತುಸು ಸರಿದು, ಆರು ವರ್ಷ ನನಗೆ 'ನಾಲ್ಕನೆಯ ಸೀಟು' ಕೊಟ್ಟ ವೃದ್ಧರೊಬ್ಬರು ಕಳೆದ ಮಳೆಗಾಲದಿಂದ ಲೋಕಲ್ ರೈಲಿನಲ್ಲಿ ಕಾಣುತ್ತಿಲ್ಲ. ವಿಚಾರಿಸೋಣವೆಂದರೆ ಅವರ ಹೆಸರೂ ನನಗೆ ಗೊತ್ತಿಲ್ಲ. (ಕಚೇರಿಯಲ್ಲಿ ಹೆಸರಿಲ್ಲದ ಅರ್ಜಿಯನ್ನು ಮುಟ್ಟದ ಅಧಿಕಾರಿ ನಾನು!) ಆ ಜಾಗ ಬರಿದಾದುದನ್ನು ಗಮನಿಸಿದ ದಿನವೂ ರಾತ್ರಿ ಲೇಖನಿ ಹಿಡಿದೆ. ಬರೆದದ್ದು ಮಾತ್ರ ನಮ್ಮೂರ ಬಾವಿಯ ಕುರಿತು, ಹದಿನಾರು ಸಾಲು.

ಮುಂದಿನ ಸಂಚಿಕೆಗೆ ಸದಸ್ಯರು ತಮ್ಮ ಗಲ್ಲಿಯಿಂದ, ಕಚೇರಿಯಿಂದ, ದಿನನಿತ್ಯದ ರೈಲಿನಿಂದ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ನನ್ನ ಬಾವಿಯ ಕವಿತೆಯನ್ನು ಈ ಸಂಚಿಕೆಯಿಂದ ಹಿಂತೆಗೆದುಕೊಂಡಿದ್ದೇನೆ.