ಬೇನೆಯನ್ನು ಆಳುವ ಬಗೆ

ಕೀಲುನೋವಿನವರನ್ನು ಕಂಡರೆ ನಾವೆಲ್ಲರೂ ಕೇಳುವ ಪ್ರಶ್ನೆಯು ಒಂದೇ: "ನೋವು ಕಡಿಮೆಯಾಯಿತೇ?" ವರ್ಷಾನುವರ್ಷ ಜೊತೆಗಿರುವ ವ್ಯಾಧಿಯ ವಿಷಯದಲ್ಲಿ ಇದರಿಂದ ಹೆಚ್ಚೇನೂ ತಿಳಿಯುವದಿಲ್ಲ, ಏರುವದೂ ಇಳಿಯುವದೂ ನೋವಿನ ಸ್ವಭಾವ. ರೋಗಿಯು ವ್ಯಾಧಿಯನ್ನು ಆಳುತ್ತಿರುವನೋ, ವ್ಯಾಧಿಯೇ ಅವನನ್ನು ಆಳುತ್ತಿರುವದೋ ಎಂಬುದನ್ನು ನೋಡತಕ್ಕದ್ದು.

ನಮ್ಮ ಸೀಮೆಯಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಹಳಿಯಾಳ, ಮುಂಡಗೋಡಗಳ ಗದ್ದೆಗಳಲ್ಲಿ ನಾಟಿಯೆಂದರೆ ದಿನವಿಡೀ ಬಗ್ಗಿ ನಿಲ್ಲುವದು. ಜೋಯಿಡಾದ ಕಾಡುಹಳ್ಳಿಯವನು ಕೀಲುರೋಗದ ತಜ್ಞರನ್ನು ಕಾಣಬೇಕಾದರೆ ಬಹುಮಟ್ಟಿಗೆ ದಾಂಡೇಲಿಯನ್ನೂ ದಾಟಿ ಧಾರವಾಡ-ಹುಬ್ಬಳ್ಳಿಗಳ ಕಡೆಗೆ ಹೋಗಬೇಕು. ತನ್ನ ದಿನಗೂಲಿ ಹೋಯಿತು, ಜೊತೆಗೆ ಬಂದ ಮಗನದೂ ಹೋಯಿತು. ತಜ್ಞರು ನೋಡುವದು ಕೆಲವೇ ನಿಮಿಷ. ಉಳಿದ ತಿಂಗಳುಗಳಲ್ಲಿ ರೋಗಿಯೇ ತನಗೆ ವೈದ್ಯನು.

ಮೊದಲು ತನ್ನ ಬೇನೆಯ ಜಾತಿಯನ್ನು ಅರಿಯಬೇಕು. ಚರಕಸಂಹಿತೆಯು ಸಂಧಿಗತವಾತವನ್ನು ವಿವರಿಸಿರುವದು. ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನು ಕೊಟ್ಟವನು ಮಾಧವನಿದಾನದ ಕರ್ತೃ. ಇಂದಿನ ವೈದ್ಯರು ಹೇಳುವ ಸವೆತದ ಸಂಧಿವಾತ, ರುಮಟಾಯ್ಡ್ ಸಂಧಿವಾತಗಳಿಗೆ ಇವು ಸಮೀಪವಾದವು, ಅವೇ ಎಂದಲ್ಲ. ಸವೆತದಲ್ಲಿ ಮುಂಜಾನೆಯ ಬಿಗಿತವು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುವದು. ಬಿಗಿತವು ಗಂಟೆ ಮೀರಿ ನಿಂತು, ಎರಡೂ ಕೈಗಳ ಬೆರಳ ಗೆಣ್ಣುಗಳು ಬಾತುಕೊಂಡರೆ ಎಣ್ಣೆ ತಿಕ್ಕುತ್ತ ಕಾಲ ಕಳೆಯಬಾರದು. ರುಮಟಾಯ್ಡ್ ರೋಗವು ಮೊದಲ ತಿಂಗಳುಗಳಲ್ಲಿಯೇ ಎಲುಬನ್ನು ತಿನ್ನತೊಡಗಬಹುದು.

ಆ ಮೇಲೆ ಔಷಧದ ಅರಿವು. ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ತಪ್ಪಿ ದಿನಾಲು ನುಂಗಿ ಪ್ರಾಣ ಕಳೆದುಕೊಂಡ ಉದಾಹರಣೆಗಳು ಅನೇಕ ದೇಶಗಳಲ್ಲಿ ಉಂಟು. ಗೋಡೆಯ ಪಂಚಾಂಗದಲ್ಲಿ ಆ ವಾರವನ್ನು ಮನೆಯವರು ಗುರುತಿಸಿಡಲಿ. ಹೆಸರಿಲ್ಲದ ಪುಡಿಯೊಂದು ಎರಡೇ ದಿನಗಳಲ್ಲಿ ಪವಾಡ ಮಾಡಿದರೆ ಹಿಗ್ಗುವದಕ್ಕಿಂತ ಸಂಶಯಪಡುವದು ಲೇಸು. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಕಂಡುಬಂದಿರುವದು. ಬಹುಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸುವದೂ ಅಪಾಯವೇ. ಪೊಟ್ಟಣದೊಡನೆ ವೈದ್ಯರಲ್ಲಿಗೆ ಹೋಗಬೇಕು.

ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ವಿದುಷಿಯವರು 1970ರ ದಶಕದ ಕೊನೆಯಲ್ಲಿ ಕೀಲುರೋಗಿಗಳಿಗಾಗಿ ಒಂದು ಪಾಠಕ್ರಮವನ್ನು ಆರಂಭಿಸಿದರು. ವಾರಕ್ಕೊಮ್ಮೆ ಎರಡು ಗಂಟೆ, ಆರು ವಾರ. ಪಾಠ ಹೇಳುವವರಲ್ಲಿಯೂ ಅನೇಕರು ಸ್ವತಃ ರೋಗಿಗಳು. (ಉಪಾಧ್ಯಾಯ ವೃತ್ತಿಯವನಾದ ನನಗೆ ಇದು ಬಹಳ ಹಿಡಿಸಿತು.) ವ್ಯಾಯಾಮಾದಿಗಳನ್ನು ಹೆಚ್ಚು ಮಾಡಿದವರಿಗೇ ಹೆಚ್ಚು ಗುಣವೆಂದು ಎಣಿಸಿದ್ದರು. ಲೆಕ್ಕ ಹಾಗೆ ಕೂಡಲಿಲ್ಲ; "ನಾನು ಇದನ್ನು ಮಾಡಬಲ್ಲೆ" ಎಂಬ ನಂಬುಗೆ ಬೆಳೆದವರೇ ಹೆಚ್ಚು ಸುಧಾರಿಸಿದ್ದರು. ಆ ನಂಬುಗೆಯನ್ನು ಅಳೆಯುವ ಪ್ರಶ್ನಾವಳಿಯು 1989ರಲ್ಲಿ ಪ್ರಕಟವಾಯಿತು.

ಅದೇ ಜಾಡಿನಲ್ಲಿ ನಾವೂ ಮನೆಯ ಹಿರಿಯರನ್ನು ಕೇಳಬಹುದು. ಕೈಯೂರದೆ ಕುರ್ಚಿಯಿಂದ ಏಳಬಲ್ಲಿರಾ? ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲಿರಾ? ನಾಳೆ ನೋವು ಹೆಚ್ಚಾದರೆ ಏನು ಮಾಡುವಿರಿ? ಕೊನೆಯ ಪ್ರಶ್ನೆಗೆ "ಮಲಗುವೆ" ಎಂಬ ಒಂದೇ ಉತ್ತರವಿದ್ದವರ ವಿಷಯದಲ್ಲಿ ಚಿಂತಿಸಬೇಕು.

ಮನೆಯವರು ಪ್ರೀತಿಯಿಂದಲೇ ಮಾಡುವ ಅಪಕಾರವೊಂದುಂಟು. "ಅತ್ತೇ, ನೀವು ಸುಮ್ಮನೆ ಕೂಡ್ರಿರಿ" ಎಂದು ಎಲ್ಲ ಕೆಲಸವನ್ನೂ ಕಸಿದುಕೊಳ್ಳುವರು. ಕೆಲಸವಿಲ್ಲದ ತೊಡೆಯ ಸ್ನಾಯು ಸೊರಗುವದು. ಸೊರಗಿದ ಸ್ನಾಯು ಮೊಳಕಾಲನ್ನು ಕಾಯಲಾರದು. ನೆಲದ ಮೇಲೆ ಈಳಿಗೆಮಣೆಯ ಮುಂದೆ ಕೂಡ್ರಲಾರದವರಿಗೆ ಮೇಜೂ ಚಾಕುವೂ ಸಿಗಲಿ, ಕಾಯಿಪಲ್ಯವನ್ನು ಅವರೇ ಹೆಚ್ಚಲಿ. ದೊಡ್ಡ ಕೊಡವನ್ನು ಎತ್ತಲಾರದಿದ್ದರೆ ಸಣ್ಣ ತಂಬಿಗೆಯಲ್ಲಿ ಎರಡು ಸಲ ನೀರು ತರಲಿ.